ಮೊದಲ ಬ್ಯಾಚ್ ಮುಗಿಯಿತು, ನಿಮಗೆಲ್ಲ ಥ್ಯಾಂಕ್ಸ್

ನಮ್ಮ ಟೆರಾಜೆನ್ ಆನ್‌ಲೈನ್ ಕ್ಲಾಸಿನ ಮೊದಲ ಬ್ಯಾಚ್ ಹೋದ ಭಾನುವಾರ ಮುಗಿಯಿತು. ಈ ಸಾಫ್ಟ್‌ವೇರ್ ಹಿಡಿದು ಕಂಪ್ಯೂಟರಿನಲ್ಲಿ ಬೆಟ್ಟ, ಮೋಡ, ಬೆಳಕು ಮಾಡೋದನ್ನು ಕನ್ನಡದಲ್ಲಿ, ಅದೂ ದುಡ್ಡು ಕಟ್ಟಿ ಕಲಿಯಲು ಯಾರು ಬರುತ್ತಾರೆ ಎಂದು ಕೇಳಿದವರಿದ್ದರು. ನೀವು ಬಂದಿರಿ.

ಮೊದಲ ಥ್ಯಾಂಕ್ಸ್ ನಮ್ಮ ಅತ್ತಿಗೆಗೆ. ಪುಕ್ಕಟೆ ಹೇಳಿಕೊಡುತ್ತೇನೆ ಅಂದಾಗ, "ಪುಕ್ಕಟೆ ಅಂದ್ರೆ ಎರಡನೇ ವಾರಕ್ಕೆ ಯಾರೂ ಇರಲ್ಲ ಕಣೋ, ನೀನೂ ತಯಾರಿ ಮಾಡಲ್ಲ" ಎಂದರು. ಎರಡನೆಯ ಮಾತು ಹೆಚ್ಚು ನಿಜ. ಫೀಸು ಕೈಗೆ ಬಂದ ಮೇಲೆ ಸುಮ್ನೆ ಕೂರಲು ಆಗುವುದಿಲ್ಲ. ಯಾರು ಕಟ್ಟಿದರು, ಯಾರು ಎರಡು ಕಂತು ಕೇಳಿದರು ಎಂಬ ಲೆಕ್ಕವನ್ನೆಲ್ಲ ಅವರೇ ನೋಡಿಕೊಂಡರು. ವ್ಯಾಪಾರಕ್ಕಲ್ಲದ ಬಳಕೆಗೆ ಟೆರಾಜೆನ್‌ನ ಉಚಿತ ಆವೃತ್ತಿ ಇದೆ. ಅದರಲ್ಲಿ ಚಿತ್ರದ ಅಳತೆಗೆ ಮಿತಿ ಉಂಟು, ಆದರೆ ಕಲಿಯಲು ಸಾಕು. ಹಾಗಾಗಿ ಫೀಸಿನ ಮೇಲೆ ಸಾಫ್ಟ್‌ವೇರ್ ಖರ್ಚು ಬೀಳಲಿಲ್ಲ.

ಹೊರದೇಶದಲ್ಲಿ ಇರುವವರಿಗೂ ಥ್ಯಾಂಕ್ಸ್. ಭಾನುವಾರ ಸಂಜೆ ಆರೂವರೆ ಎಂದರೆ ದುಬೈಯಲ್ಲಿ ಐದು ಗಂಟೆ, ನ್ಯೂಜೆರ್ಸಿಯಲ್ಲಿ ಬೆಳಿಗ್ಗೆ ಒಂಬತ್ತು. ನವೆಂಬರಿನಲ್ಲಿ ಅಮೆರಿಕದವರು ಗಡಿಯಾರ ಹಿಂದೆ ತಿರುಗಿಸಿದ ಮೇಲೆ ಅದು ಎಂಟಾಯಿತು. ರಜೆಯ ದಿನ ಎಂಟಕ್ಕೇ ಎದ್ದು ಕೂತಿರಲ್ಲ, ದೊಡ್ಡ ಮಾತು.

ಇನ್ನು ರೆಂಡರ್, ಅಂದರೆ ಕಂಪ್ಯೂಟರ್ ಲೆಕ್ಕ ಹಾಕಿ ಕೊನೆಯ ಚಿತ್ರ ಬಿಡಿಸೋದು. ಲೈವ್ ಕ್ಲಾಸಿನ ದೊಡ್ಡ ತಲೆನೋವು ಇದೇ. ಮೋಡ ತುಂಬಿದ ಒಂದು ಚಿತ್ರಕ್ಕೆ ಗಂಟೆಗಟ್ಟಲೆ ಬೇಕು, ಎಲ್ಲರನ್ನೂ ಕಾಯಿಸಲು ಆಗುತ್ತದೆಯೇ? ಟಿವಿ ಅಡುಗೆ ಕಾರ್ಯಕ್ರಮದ ಹಾಗೆ ಬೆಂದದ್ದನ್ನು ಮೊದಲೇ ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಅದರ ಮೇಲೆ ಸ್ಕ್ರೀನ್ ಶೇರ್‌ನಲ್ಲಿ ಮಂಜಿನ ನಯವೆಲ್ಲ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ಕ್ಲಾಸಿಗೆ ಮುಂಚೆಯೇ ಅಸಲಿ ಚಿತ್ರಗಳನ್ನು ಎಲ್ಲರಿಗೂ ಕಳಿಸಿಬಿಡು ಎಂದ ಧಾರವಾಡದ ಗೆಳೆಯನಿಗೆ, ರಾತ್ರಿಯಿಡೀ ರೆಂಡರ್‌ಗೆ ತನ್ನ ಕಂಪ್ಯೂಟರ್ ಬಿಟ್ಟುಕೊಟ್ಟದ್ದಕ್ಕೂ ಸೇರಿಸಿ, ಥ್ಯಾಂಕ್ಸ್.

ಆದರೆ ಈ ಕ್ಲಾಸನ್ನು ಕ್ಲಾಸು ಮಾಡಿದ್ದು ಜೋಗ. 2000ದ ಫೆಬ್ರವರಿಯಲ್ಲಿ ನಾಸಾದ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನ ಭೂಮಿ ಸುತ್ತಿ ರೇಡಾರಿನಿಂದ ಅಳೆದ ನೆಲದ ಎತ್ತರ ಈಗ ಯಾರಿಗೂ ಪುಕ್ಕಟೆ ಸಿಗುತ್ತದೆ. ಶರಾವತಿ ಕಣಿವೆಯ ಆ ಫೈಲನ್ನು ಎಲ್ಲರೂ ತೆರೆದೆವು. "ಸರ್, ಜೋಗ ಎಲ್ಲಿ ಹೋಯ್ತು? ಇಲ್ಲಿ ಬರೀ ಇಳಿಜಾರಿದೆ" ಎಂದು ದುಬೈಯಿಂದ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಸುಮಾರು 30 ಮೀಟರಿಗೆ ಒಂದು ಅಳತೆ, ಒಂದು ಜಾಗಕ್ಕೆ ಒಂದೇ ಎತ್ತರ. 253 ಮೀಟರ್ ನೇರ ಬೀಳುವ ಬಂಡೆಯೂ ಅದರಲ್ಲಿ ಇಳಿಜಾರಾಗಿ ಮಲಗಿಬಿಡುತ್ತದೆ. ಅವತ್ತಿನ ಪಾಠ ಅಲ್ಲಿಗೇ ನಿಂತಿತು. ಸಾಗರದವರೊಬ್ಬರು ಮಳೆಗಾಲದ, ಬೇಸಿಗೆಯ ಫೋಟೋ ಎರಡನ್ನೂ ಹಾಕಿದರು. ಬೇಸಿಗೆಯದರಲ್ಲಿ ಬಂಡೆಯ ಪದರ ಎಣಿಸುವಷ್ಟು ಸ್ಪಷ್ಟ. ಅದನ್ನು ನೋಡಿಕೊಂಡು ರಿಡೈರೆಕ್ಟ್ ಶೇಡರ್ ಎಂಬ ಟೆರಾಜೆನ್ ಸಾಧನದಲ್ಲಿ ಕಲ್ಲನ್ನು ಅಡ್ಡಕ್ಕೆ ತಳ್ಳಿ, ಬಂಡೆಯನ್ನು ನೆಟ್ಟಗೆ ನಿಲ್ಲಿಸಿದೆವು. ಬೀಳುವ ನೀರಿಗೆ ಟೆರಾಜೆನ್‌ನಲ್ಲಿ ಸುಲಭದ ದಾರಿಯಿಲ್ಲ. ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕನ್ನೂ ಬಿಟ್ಟು, ಬುಡದಲ್ಲಿ ಏಳುವ ತುಂತುರನ್ನು ಮಾತ್ರ ಚಿಕ್ಕ ಮೋಡವಾಗಿ ಮಾಡಿದ ನಮ್ಮ ಬ್ಯಾಚಿನ ಹುಡುಗಿಯ ಚಿತ್ರವೇ ನನಗೆ ಎಲ್ಲಕ್ಕಿಂತ ಇಷ್ಟ.

ನಮ್ಮನ್ನು ಕಂಡರಿಯದ ಇಬ್ಬರಿಗೂ ನಮಸ್ಕಾರ ಹೇಳಬೇಕು. ಟೆರಾಜೆನ್ ಬರೆದ ಮ್ಯಾಟ್ ಫೇರ್‌ಕ್ಲೋ. ಮತ್ತೆ ಕೆನ್ ಪರ್ಲಿನ್. 1980ರ ದಶಕದಲ್ಲಿ ಅವರು ಕಂಡುಹಿಡಿದ, ಸಹಜವಾದ ಉಬ್ಬುತಗ್ಗು ಹುಟ್ಟಿಸುವ ನಾಯ್ಸ್ ಸೂತ್ರ ಇಲ್ಲದಿದ್ದರೆ ನಮ್ಮ ಗುಡ್ಡಗಳೆಲ್ಲ ಪ್ಲಾಸ್ಟಿಕ್ ಹಾಗೆ ಕಾಣುತ್ತಿದ್ದವು. ಅದಕ್ಕೆ 1997ರಲ್ಲಿ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿಯೂ ಬಂತು. ಸಿನಿಮಾ ನೋಡುವವರಿಗೆ ಇದು ಗೊತ್ತೇ ಇರಲ್ಲ, ಅಲ್ವಾ?

ಎರಡನೇ ಬ್ಯಾಚಿನಲ್ಲಿ ಜೋಗ ಮೊದಲ ದಿನವೇ ಬರುತ್ತದೆ. ಫೀಸು ಅಷ್ಟೇ. ಈ ಬ್ಯಾಚಿನವರು ಆ ದಿನ ದುಡ್ಡಿಲ್ಲದೆ ಬಂದು ಕೂರಬಹುದು, ಅತ್ತಿಗೆ ಒಪ್ಪಿದ್ದಾರೆ.