ಸ್ಕೇಲಿನಲ್ಲಿ ಅಳೆದ ದೂರ

ಸುಂಟಿಕೊಪ್ಪ
ರಾತ್ರಿ 11 ಗಂಟೆ

ಮಗಳೇ,

ಊಟದ ಹೊತ್ತಿನಲ್ಲಿ ನಾನು ಆ ಮಾತು ಆಡಬಾರದಿತ್ತು. ‘ವಿಯೆಟ್ನಾಂಗಾ? ನಮ್ಮ ಹೊಟ್ಟೆಯ ಮೇಲೆ ಹೊಡೆದವರ ದೇಶಕ್ಕೇ ಕೆಲಸಕ್ಕೆ ಹೋಗುತ್ತೀಯಾ? ಬಿಡಲು ನಾನು ಬರುವುದಿಲ್ಲ’ ಎಂದುಬಿಟ್ಟೆ. ನೀನು ತಟ್ಟೆ ಬಿಟ್ಟು ಎದ್ದೆ. ಎದುರಿಗೆ ಹೇಳಲು ಬಾಯಿ ಬರುತ್ತಿಲ್ಲ, ಬರೆಯುತ್ತಿದ್ದೇನೆ.

2001ರ ಕೊಯ್ಲು ನನ್ನ ತಲೆಯಿಂದ ಹೋಗಿಲ್ಲ. ರೊಬಸ್ಟಾ ಕಾಫಿಯ ಒಣಗಿಸಿದ ಕಾಯಿಗೆ ಕೊಯ್ಲಿನ ಕೂಲಿಯೂ ಹುಟ್ಟದ ದರ. ಸಾಲದ ಕಥೆ ನಿನಗೂ ಗೊತ್ತು, ಬಿಡು. ದರ ಯಾಕೆ ಬಿತ್ತು ಎಂದು ನೀನು ಕೇಳಿದೆ, ವಿಯೆಟ್ನಾಂನವರು ಬೆಳೆದದ್ದರಿಂದ ಎಂದು ನಾನು ಹೇಳಿದೆ. ನಾಲ್ಕನೇ ತರಗತಿಯ ನೀನು ಅಟ್ಲಾಸ್ ತಂದು, ಕಣದ ಅಂಚಿನಲ್ಲಿ ಮಂಡಿಯೂರಿ, ಕೊಡಗಿನ ಮೇಲೆ ಸ್ಕೇಲಿನ ಸೊನ್ನೆಯಿಟ್ಟು ಅಳೆದೆ. ‘ಇಷ್ಟು ದೂರ ಇದೆಯಲ್ಲ ಅಪ್ಪ, ಅವರು ಬೆಳೆದರೆ ನಮಗೇನು?’ ನಾನು ಅಟ್ಲಾಸ್ ಕಿತ್ತು ಎಸೆದೆ. ಅದು ಹರವಿದ ಕಾಫಿಯ ಮೇಲೆ ಬಿತ್ತು. ನೀನು ಅಳಲಿಲ್ಲ, ಹಾಳೆಗಳ ನಡುವೆ ಸಿಕ್ಕಿದ್ದ ಕಾಯಿಗಳನ್ನು ಒಂದೊಂದಾಗಿ ಆರಿಸಿ ಮತ್ತೆ ಕಣಕ್ಕೆ ಹಾಕಿದೆ. ಆ ಬೆರಳುಗಳು ಈಗಲೂ ಕಣ್ಣ ಮುಂದಿವೆ.

ಉತ್ತರ ಗೊತ್ತಿಲ್ಲದ್ದಕ್ಕೇ ನನಗೆ ಸಿಟ್ಟು ಬಂದಿತ್ತು. ಆಮೇಲೆ ಓದಿ ತಿಳಿದುಕೊಂಡೆ. 1956ರಲ್ಲಿ ಅಮೆರಿಕದ ಮಾಲ್ಕಮ್ ಮೆಕ್ಲೀನ್ ‘ಐಡಿಯಲ್ ಎಕ್ಸ್’ ಹಡಗಿಗೆ 58 ಕಂಟೇನರ್ ಏರಿಸಿದ. ಟನ್ನಿಗೆ 5.83 ಡಾಲರ್ ಇದ್ದ ಹೇರುವ ಖರ್ಚು 16 ಸೆಂಟ್‌ಗೆ ಇಳಿಯಿತು. ಅಂದೇ ನಿನ್ನ ಸ್ಕೇಲಿನ ದೂರಕ್ಕೆ ಬೆಲೆ ಹೋಗಿತ್ತು. 1986ರಲ್ಲಿ ವಿಯೆಟ್ನಾಂ ‘ದೋಯ್ ಮೋಯ್’ ಸುಧಾರಣೆಗೆ ಕೈಹಾಕಿ ಮಾರುಕಟ್ಟೆಯತ್ತ ತಿರುಗಿತು. 1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಮುರಿದುಬಿತ್ತು. ಯಾವ ದೇಶವಾದರೂ ಎಷ್ಟು ಬೇಕಾದರೂ ಮಾರಬಹುದಾಯಿತು. ಹಡಗು, ಸರ್ಕಾರದ ನೀತಿ, ಲಂಡನ್ ಮಾರುಕಟ್ಟೆಯ ಕಾಫಿ ದರವನ್ನು ಕ್ಷಣದಲ್ಲಿ ತಲುಪಿಸುವ ತಂತಿ, ಎಲ್ಲ ಸೇರಿ ನಮ್ಮ ಕಣವನ್ನೂ ಅವರ ಕಣವನ್ನೂ ಒಂದು ಮಾಡಿದವು.

ನಾನೂ ಅದರ ಲಾಭ ಉಂಡವನೇ. 1996ರಲ್ಲಿ ಬೆಳೆಯನ್ನು ಕಾಫಿ ಮಂಡಳಿಗೇ ಒಪ್ಪಿಸುವ ಪೂಲ್ ಪದ್ಧತಿ ಹೋಗಿ ಮುಕ್ತ ಮಾರಾಟ ಬಂದಾಗ ಸಿಹಿ ಹಂಚಿದ್ದೆ. 1994ರಲ್ಲಿ ಬ್ರೆಜಿಲ್‌ನ ತೋಟಗಳಿಗೆ ಹಿಮ ಬಡಿದು ದರ ಏರಿದ್ದರಿಂದಲೇ ನಮ್ಮ ಜೀಪು ಬಂತು. ಆಗ ಅಲ್ಲಿಯ ಬೆಳೆಗಾರನ ಮನೆಯಲ್ಲಿ ಏನಾಯಿತು ಎಂದು ನಾನು ಕೇಳಲಿಲ್ಲ. ವಿಯೆಟ್ನಾಂನವನನ್ನು ಮಾತ್ರ ಇಷ್ಟು ವರ್ಷ ಬೈದೆ.

ಕಾಫಿಯ ರುಚಿ ನೋಡಿ ದರ್ಜೆ ಹೇಳುವ ಕೆಲಸ ನಿನ್ನದು. ಹೆಮ್ಮೆಯಾಗುತ್ತದೆ, ಯಾರ ಮುಂದೆಯೂ ಹೇಳಿಲ್ಲ. ಆದರೆ ಒಂದು ಮಾತು ನೆನಪಿಡು: ಬೆಳೆಗಾರ ಚೀಲ ತಂದಾಗ ತೇವಾಂಶದ ಮೀಟರನ್ನು ಅವನ ಕಡೆಗೆ ತಿರುಗಿಸು, ಅಂಕಿಯನ್ನು ಅವನೇ ಓದಲಿ. ಮೀಟರ್ ತೋರಿಸದೆಯೇ ತೇವ ಹೆಚ್ಚೆಂದು ತೂಕ ಕಳೆಯುತ್ತಿದ್ದ ವ್ಯಾಪಾರಿಯ ಮುಂದೆ ನಾನು ಎಷ್ಟೋ ವರ್ಷ ಬಾಯಿಮುಚ್ಚಿ ನಿಂತಿದ್ದೇನೆ. ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡ. ಒಬ್ಬಳೇ ರಾತ್ರಿ ಹೊತ್ತು ತಿರುಗಬೇಡ. ಜ್ವರ ಬಂದರೆ ಮುಚ್ಚಿಡಬೇಡ. ಮತ್ತೆ ಉಪದೇಶಕ್ಕೆ ಇಳಿದೆ; ಭಯಕ್ಕೆ ಬರೆಯುತ್ತಿದ್ದೇನೆ ಮಗಳೇ.

ಅಲ್ಲಿಯೇ ಬೇಕಾದಷ್ಟು ಬೆಳೆಯುತ್ತಾರೆ ಎಂದರೂ ಅಮ್ಮ ನಮ್ಮ ತೋಟದ ಕಾಳುಮೆಣಸು ಕಟ್ಟಿಟ್ಟಿದ್ದಾಳೆ. ಬೇಡ ಎನ್ನಬೇಡ.

ಬೆಳಿಗ್ಗೆ ಐದಕ್ಕೆ ಜೀಪು ತೆಗೆಯುತ್ತೇನೆ. ಮಡಿಕೇರಿ ಬಸ್ ನಿಲ್ದಾಣದವರೆಗೆ ನಾನೇ ಬರುತ್ತೇನೆ.

ನಿನ್ನ ಅಪ್ಪ