ಕತೆಗೆ ಟಿಪ್ಪಣಿ ಹಾಕಿಸುವ ರೀತಿ ಬದಲಾಗಲಿ

ಸಂಪಾದಕರಿಗೆ ನಮಸ್ಕಾರ.

ಸಣ್ಣಕತೆ ಓದುತ್ತಾ ಅಂಚಿನಲ್ಲಿ ಟಿಪ್ಪಣಿ ಬರೆಯುವುದು ಒಳ್ಳೆಯ ಅಭ್ಯಾಸ. ಆದರೆ ಮಕ್ಕಳಿಂದ ಈಗ ಮಾಡಿಸುತ್ತಿರುವುದು ಅದಲ್ಲ. ಉಪಮೆ ಕಂಡಲ್ಲಿ ಹಳದಿ ಗೆರೆ, ವ್ಯಂಗ್ಯ ಕಂಡಲ್ಲಿ ಗುಲಾಬಿ ಗೆರೆ, ಕೊನೆಗೆ ‘ಆಶಯ’ ಅಂತ ಗೈಡಿನಿಂದ ಇಳಿಸಿದ ಎರಡು ಸಾಲು. ಕತೆ ಓದದೆಯೂ ಇಷ್ಟು ಮಾಡಬಹುದು.

ಮಾಸ್ತಿಯವರ ‘ರಂಗನ ಮದುವೆ’ಯನ್ನೇ ತಗೊಳ್ಳಿ. ಪರಿಚಯದ ಹುಡುಗಿಯೊಬ್ಬಳ ಪುಸ್ತಕ ನೋಡಿದೆ. ರಂಗನ ಮುಖ ಸುಟ್ಟ ಬದನೆಕಾಯಿಯ ಹಾಗಾಯಿತು ಅನ್ನುವ ಕಡೆ ‘ಉಪಮೆ’ ಎಂದು ಬರೆದಿತ್ತು, ಅಷ್ಟೇ. ಮುಖ ಹಾಗಾದದ್ದು ಯಾಕೆ? ಅವನು ಮೆಚ್ಚಿದ ರತ್ನಳಿಗೆ ಆಗಲೇ ಮದುವೆಯಾಗಿದೆ ಅಂತ, ಅವರಿಬ್ಬರನ್ನು ಜೋಡಿ ಮಾಡಲು ಹೊರಟಿದ್ದ ಶ್ಯಾಮ ಸುಳ್ಳು ಹೇಳಿದ್ದರಿಂದ. ಅದೇ ಶ್ಯಾಮ ನಮಗೆ ಕತೆ ಹೇಳುತ್ತಿರುವವನು! ಆಮೇಲೆ ಜ್ಯೋತಿಷ್ಯ ಹೇಳುವ ಶಾಸ್ತ್ರಿಗಳಿಗೆ ಮೊದಲೇ ಎಲ್ಲ ಹೇಳಿಕೊಟ್ಟು ರಂಗನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಾನೆ, ಶಾಸ್ತ್ರಿಗಳು ರಂಗನ ಮನಸ್ಸಿನಲ್ಲಿರುವ ಹುಡುಗಿಯ ಹೆಸರನ್ನು ಲೆಕ್ಕ ಹಾಕಿ ಹೇಳಿದಂತೆ ಹೇಳುತ್ತಾರೆ, ರಂಗ ಬೆರಗಾಗುತ್ತಾನೆ, ಗುಟ್ಟು ಗೊತ್ತಿರುವ ನಾವು ನಗುತ್ತೇವೆ. ನಗುವ ಹೊತ್ತಿಗೆ ನಾವೂ ಶ್ಯಾಮನ ಸಂಚಿನಲ್ಲಿ ಸೇರಿಬಿಟ್ಟಿರುತ್ತೇವೆ, ಅಲ್ವಾ? ಅಂಚಿನಲ್ಲಿ ಸುಮ್ನೆ ‘ನಾಟಕೀಯ ವ್ಯಂಗ್ಯ’ ಅಂತ ಬರೆದರೆ ಇದು ಹೊಳೆಯುವುದಿಲ್ಲ.

ಇನ್ನು ರತ್ನ. 11 ವರ್ಷದ ಹುಡುಗಿ. ಚೆನ್ನಾಗಿ ಹಾಡುತ್ತಾಳೆ, ರಂಗ ಬಂದದ್ದು ಕಂಡು ನಾಚಿ ನಿಲ್ಲಿಸುತ್ತಾಳೆ. ಬೆಂಗಳೂರಿನಲ್ಲಿ ಓದಿ ಬಂದ ರಂಗ, ಪ್ರಾಯಕ್ಕೆ ಬಂದ ಹುಡುಗಿಯನ್ನೇ ಮದುವೆಯಾಗುತ್ತೇನೆ ಅಂದಿದ್ದವನು, ಇವಳನ್ನು ನೋಡಿ ಮನಸ್ಸು ಬದಲಿಸುತ್ತಾನೆ. ಇವಳ ಮನಸ್ಸಿನಲ್ಲಿ ಏನಿತ್ತು ಅಂತ ಮಾತ್ರ ಶ್ಯಾಮ ನಮಗೆ ಹೇಳುವುದೇ ಇಲ್ಲ. ‘ಬಾಲ್ಯವಿವಾಹ’ ಅಂತ ಒಂದು ಪದ ಬರೆದು ಮುಂದೆ ಹೋಗುವ ಮಕ್ಕಳಿಗೆ ಈ ಮೌನ ಕಾಣಿಸಬೇಕು. ಅಷ್ಟು ಲವಲವಿಕೆಯ ಕತೆಯಲ್ಲಿ ಅವಳೊಬ್ಬಳೇ ಯಾಕೆ ಮಾತಾಡುವುದಿಲ್ಲ ಅಂತ ಹುಡುಗಿಯೊಬ್ಬಳು ಪೆನ್ಸಿಲಿನಲ್ಲಿ ಬರೆದರೆ, ಹತ್ತು ಅಲಂಕಾರ ಗುರುತಿಸಿದ್ದಕ್ಕಿಂತ ಜಾಸ್ತಿ ಓದಿದ್ದಾಳೆ ಅಂತಲೇ ನನ್ನ ಲೆಕ್ಕ.

ಅಲಂಕಾರಗಳ ಹೆಸರು ಕಲಿಸಲೇಬೇಡಿ ಅಂತ ನಾನು ಹೇಳುತ್ತಿಲ್ಲ, ಹೆಸರು ಗೊತ್ತಿದ್ದರೆ ಮಾತಾಡುವುದು ಸುಲಭ. ಮೊದಲ ಸಲ ಕೈಯಲ್ಲಿ ಪೆನ್ನಿಲ್ಲದೆ ಕತೆ ಪೂರ್ತಿ ಓದಲಿ. ಎರಡನೇ ಸಲ ಪೆನ್ಸಿಲ್ ಕೊಡಿ. ಪ್ರಶ್ನೆಪತ್ರಿಕೆ ಮಾಡುವವರು ‘ಗುರುತಿಸಿ’ ಅನ್ನುವುದರ ಜೊತೆಗೆ ‘ಇದು ಇಲ್ಲಿ ಯಾಕೆ ಬಂದಿದೆ’ ಅಂತಲೂ ಕೇಳಿ, ಅಂಕದಲ್ಲಿ ಹೆಚ್ಚಿನ ಪಾಲು ಅದಕ್ಕೇ ಇಡಲಿ.

— ನಿವೃತ್ತ ಕನ್ನಡ ಶಿಕ್ಷಕಿ, ಹಾಸನ