ಏಳು ಹಕ್ಕಿಗಳ ಲೆಕ್ಕ

ಚಳಿಗಾಲದ ಸಂಜೆ. ಬೆಳಕು ಇನ್ನೂ ಪೂರ್ತಿ ಆರಿಲ್ಲ. ಆಕಾಶದಲ್ಲಿ ಹೊಗೆಯಂಥದ್ದೊಂದು ಉಬ್ಬುತ್ತದೆ, ಕುಗ್ಗುತ್ತದೆ, ಥಟ್ಟನೆ ಮಗ್ಗುಲು ಬದಲಿಸುತ್ತದೆ. ಅದು ಸ್ಟಾರ್ಲಿಂಗ್‌ಗಳ ಹಿಂಡು. ಗೊರವಂಕದ ದಾಯಾದಿ ಹಕ್ಕಿ ಇದು. ನೇರವಾಗಿ ನೋಡದಿದ್ದರೂ ಇದರ ವಿಡಿಯೊ ನಿಮ್ಮ ಫೋನಿಗೆ ಬಂದೇ ಇರುತ್ತದೆ, ಅಲ್ವಾ?

ನೋಡಿದವರೆಲ್ಲ ಕೇಳುವುದು ಒಂದೇ: ಇಷ್ಟೊಂದು ಹಕ್ಕಿಗಳಿಗೆ ಮುಂದಾಳು ಯಾರು? ಯಾರೂ ಇಲ್ಲ. ಎಡ್ಮಂಡ್ ಸೆಲೂಸ್ ಎಂಬ ಇಂಗ್ಲೆಂಡಿನ ಪಕ್ಷಿವೀಕ್ಷಕ ವರ್ಷಗಟ್ಟಲೆ ಹಿಂಡುಗಳನ್ನು ನೋಡಿ ತಲೆ ಕೆಡಿಸಿಕೊಂಡ. ಕೊನೆಗೆ, ಇವು ಒಂದರ ಮನಸ್ಸಿನಿಂದ ಇನ್ನೊಂದರ ಮನಸ್ಸಿಗೆ ಯೋಚನೆ ದಾಟಿಸುತ್ತವೇನೋ ಎಂದು 1931ರಲ್ಲಿ ಪುಸ್ತಕವನ್ನೇ ಬರೆದ. ನಗಬೇಡಿ. ಬರಿಗಣ್ಣಲ್ಲಿ ನೋಡಿದರೆ ಯಾರಿಗಾದರೂ ಹಾಗೇ ಅನಿಸುತ್ತದೆ.

ಉತ್ತರದ ಎಳೆ ಸಿಕ್ಕಿದ್ದು ರೋಮ್‌ನಲ್ಲಿ. ಅಲ್ಲಿನ ಭೌತವಿಜ್ಞಾನಿಗಳು ಒಂದು ಮ್ಯೂಸಿಯಂನ ಚಾವಣಿ ಹತ್ತಿ, ಬೇರೆ ಬೇರೆ ಕೋನದಿಂದ ಒಂದೇ ಕ್ಷಣಕ್ಕೆ ಫೋಟೊ ತೆಗೆದರು. ಹಿಂಡಿನಲ್ಲಿ ಯಾವ ಹಕ್ಕಿ ಎಲ್ಲಿದೆ ಎಂದು ಲೆಕ್ಕ ಹಾಕಿದರು. 2008ರಲ್ಲಿ ಬಂದ ಫಲಿತಾಂಶ ಇದು: ಪ್ರತಿ ಹಕ್ಕಿಯೂ ತನ್ನ ಹತ್ತಿರದ ಆರೇಳು ಹಕ್ಕಿಗಳನ್ನಷ್ಟೇ ಗಮನಿಸುತ್ತದೆ. ಅವು ಒಂದು ಮೀಟರ್ ದೂರ ಇರಲಿ, ಮೂರು ಮೀಟರ್ ಇರಲಿ, ಎಣಿಕೆ ಅಷ್ಟೇ. ನನಗೆ ತುಂಬ ಹಿಡಿಸಿದ್ದು ಈ ಮಾತು. ಅಂತರ ನೋಡಿ ಹಾರುವುದಾಗಿದ್ದರೆ ಹಿಂಡು ಸ್ವಲ್ಪ ಚದುರಿದೊಡನೆ ಕೊಂಡಿ ಕಳಚಿಹೋಗುತ್ತಿತ್ತು. ಎಣಿಕೆ ಹಿಡಿದು ಹಾರುವುದರಿಂದ ಹಿಂಡು ಎಷ್ಟು ಹಿಗ್ಗಿದರೂ ಹರಿಯುವುದಿಲ್ಲ. ಒಂದು ಮೂಲೆಯ ತಿರುವು ಕಣ್ಣು ಮಿಟುಕಿಸುವಷ್ಟರಲ್ಲಿ ಇನ್ನೊಂದು ಮೂಲೆ ಮುಟ್ಟುತ್ತದೆ. ಈ ತಂಡದಲ್ಲಿದ್ದ ಜಾರ್ಜೋ ಪರೀಸಿಗೆ 2021ರಲ್ಲಿ ನೊಬೆಲ್ ಬಂತು. ಹಕ್ಕಿಗಾಗಿ ಅಲ್ಲ, ಬೇರೆ ಕೆಲಸಕ್ಕೆ.



ಅದು ಹೇಗೆ ಎಂಬುದಾಯಿತು. ಯಾಕೆ? ರಾತ್ರಿ ಒತ್ತೊತ್ತಾಗಿ ಕೂತರೆ ಬೆಚ್ಚಗಿರಬಹುದು, ಅದಕ್ಕೇ ಹೀಗೆ ಹಾರಾಡಿ ಉಳಿದವರನ್ನು ಕರೆಯುತ್ತವೆ ಎಂದು ಕೆಲವರು ಹೇಳುತ್ತಿದ್ದರು. 2017ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕೆ 23 ದೇಶಗಳ ಸಾಮಾನ್ಯ ಜನರೇ 3,000ಕ್ಕೂ ಜಾಸ್ತಿ ಹಿಂಡುಗಳ ವಿವರ ಕಳಿಸಿದ್ದರು. ಸರಾಸರಿ ಹಿಂಡಿನಲ್ಲಿ ಸುಮಾರು 30,000 ಹಕ್ಕಿ, ಆಟ ಸುಮಾರು 26 ನಿಮಿಷ. ಚಳಿಯ ಪ್ರಭಾವ ಕಂಡದ್ದು ಸ್ವಲ್ಪವೇ. ಆದರೆ ಗಿಡುಗದಂಥ ಬೇಟೆಹಕ್ಕಿ ಹತ್ತಿರ ಇದ್ದಾಗ ಹಿಂಡು ದೊಡ್ಡದು, ಹಾರಾಟ ದೀರ್ಘ. ಸಾವಿರಾರು ಹಕ್ಕಿ ಕಣ್ಣ ಮುಂದೆ ಸುಳಿದಾಡುವಾಗ ಒಂದರ ಮೇಲೆ ಗುರಿಯಿಡುವುದು ಗಿಡುಗಕ್ಕೂ ಕಷ್ಟ. ನಾವು ಕುಣಿತ ಅಂದುಕೊಂಡು ಬಾಯಿ ಬಿಟ್ಟು ನೋಡುವುದು, ಹೆಚ್ಚಿನಂಶ ಹೆದರಿಕೆ.

ಬೇಟೆಹಕ್ಕಿ ಇದ್ದ ಸಂಜೆ ಇನ್ನೊಂದು ಸಂಗತಿಯನ್ನೂ ಗಮನಿಸಿದ್ದಾರೆ. ಕೊನೆಯಲ್ಲಿ ಅಲ್ಲೊಂದು ಇಲ್ಲೊಂದು ಚೆದುರಿಹೋಗದೆ, ಇಡೀ ಹಿಂಡು ಒಟ್ಟಿಗೇ ಸುರಿದ ಹಾಗೆ ಜೊಂಡಿನೊಳಗೆ ಇಳಿಯುತ್ತದೆ. ಆಮೇಲೆ ಕತ್ತಲಲ್ಲಿ ಬರೀ ಗಲಾಟೆ.